ಬಾವಿಯ ಮೆಟ್ಟಿಲಿಗೆ ದಾನಿ ಸಿಗಲಿಲ್ಲ

ಅದು ನಡೆದ ಹಿಂದಿನ ದಿನ ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಬಂದಾಗ ನನ್ನ ಹೆಂಡತಿ ಒಲೆಯ ಮುಂದೆ ಸಿಟ್ಟಾಗಿ ಕುಳಿತಿದ್ದಳು. ಬೇಳೆ ಬೆಂದಿರಲಿಲ್ಲ. ನಮ್ಮ ಕಾಲೋನಿಯ ಬೋರಿಂಗಿನ ನೀರು ಸವುಳು. ಅದರಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಅಡುಗೆಗೂ ಕುಡಿಯಲಿಕ್ಕೂ ಬಾವಿಯ ಸಿಹಿನೀರೇ ಬೇಕು.

"ಬಾವಿ ನೀರು ತೀರ್ಯಾವ್ರಿ. ನಾಳೆ ತರ್ತೀನಿ. ಇವತ್ತು ಇದನ್ನ ಜಗೀರಿ," ಅಂದಳು.

"ಹಲ್ಲು ಅದಾವಲ್ಲ, ಜಗೀತೀನಿ ತಗೋ," ಅಂದೆ.

"ಹಲ್ಲು ಇರೋತನಕ ಸಂಘಕ್ಕ ಚಂದಾ ಕೊಡ್ರಿ. ಹಲ್ಲು ಬಿದ್ದಮ್ಯಾಲ ಬಾವಿ ಮೆಟ್ಟಿಲ ಮಾಡಸ್ತಾರ."

ಸಂಜೆ ನಾನು ಅಂಗಡಿ ಮುಚ್ಚಿ ಬರುವ ಹೊತ್ತಿಗೆ ಕಾಲೋನಿಯ ಸಂಘದ ಖಜಾಂಚಿ, ನಿವೃತ್ತರಾದ ಮಾಸ್ತರು, ಚಂದಾ ಕೇಳಲಿಕ್ಕೆ ಬಾಗಿಲಲ್ಲಿ ನಿಂತಿದ್ದರು. ತಿಂಗಳ ಚಂದಾ ಕೊಡುವವಳು ಅವಳೇ. ದುಡ್ಡು ಕೊಟ್ಟು, ಸೆರಗು ಸರಿಮಾಡಿಕೊಂಡು ಕೇಳಿದಳು: "ಮಾಸ್ತರ್ರೀ, ಕಾಲೋನಿ ಬಾಯಾಗ ಕಟ್ಟಸೀರಲ್ಲ, ಆ ಕಮಾನಿನ ಮ್ಯಾಲ ಹತ್ತಿದ್ರ ನೀರು ಸಿಗ್ತಾವೇನ್ರಿ? ಕೊಡ ತಗೊಂಡು ಅಲ್ಲೇ ಹತ್ತತೀವಿ ನಾವು."

ಮಾಸ್ತರು ನಕ್ಕರು. "ನಿನ್ನ ಬಾಯಿಗೆ ಯಾರು ಉತ್ತರ ಕೊಡಬೇಕು ತಂಗೀ," ಅಂದರು. ನಾನೂ ನಕ್ಕೆ. ಅವಳೂ ನಕ್ಕಳು. ಅಷ್ಟೇ ಆ ದಿನ. ಅದರಲ್ಲಿ ಬೇರೆ ಏನೂ ಇರಲಿಲ್ಲ.

ನಮ್ಮ ಕಾಲೋನಿ ಸಿಂಧನೂರಿನ ಮಸ್ಕಿ ರಸ್ತೆಯ ಕಡೆಗಿದೆ. ಎಂಬತ್ತರ ದಶಕದ ಮೊದಲಲ್ಲಿ ಅದು ಒಬ್ಬ ರೈತನ ಹೊಲ. ಕಾಲುವೆ ನೀರಿನಿಂದ ಊರಿಗೆ ದುಡ್ಡು ಬಂತು, ಮಂದಿ ಬಂದರು, ಹೊಲ ಪ್ಲಾಟಾಯಿತು. ಕಾಳುಕಡಿಯ ಅಡತಿ ಅಂಗಡಿಯವರು, ನೌಕರರು, ನನ್ನಂಥ ಸಣ್ಣ ಅಂಗಡಿಯವರು ಸೇರಿ ಮನೆ ಕಟ್ಟಿಕೊಂಡೆವು. ನನ್ನದು ಬಜಾರಿನಲ್ಲಿ ಹೊಲಿಗೆ ಅಂಗಡಿ. ಹೊಲದ ನಡುವೆ ಇದ್ದ ಹಳೆಯ ಬಾವಿ ಯಾರ ಪ್ಲಾಟಿಗೂ ಸೇರದೆ ಎಲ್ಲರದಾಯಿತು. ಎಲ್ಲರ ಬಾವಿ, ಎಲ್ಲರ ರಸ್ತೆ, ಎಲ್ಲರ ಗಟಾರ ನೋಡಿಕೊಳ್ಳಲು ಮನೆ ಮಾಲೀಕರ ಸಂಘ ಆಯಿತು. ಮುಂದೆ ಏನಾದರೂ ಕೆಟ್ಟರೆ, ಒಡೆದರೆ ಬೇಕಾಗುತ್ತದೆಂದು ಪ್ರತಿ ಮನೆಯೂ ತಿಂಗಳು ತಿಂಗಳು ಒಂದಿಷ್ಟು ಕೂಡಿಡಬೇಕು ಅಂತ ತೀರ್ಮಾನವಾಯಿತು. ಕಾಗದದಲ್ಲಿ ಅದಕ್ಕೆ ಮೀಸಲು ನಿಧಿ ಎಂದು ಹೆಸರು. ನಾವು ಇಡಗಂಟು ಅನ್ನುತ್ತಿದ್ದೆವು.

ಕೆಟ್ಟದ್ದನ್ನು ಸರಿಮಾಡಲು ಇಟ್ಟ ಗಂಟು. ಈ ಮಾತನ್ನು ನಾನು ಈಗಲೂ ಬಿಡಿಸಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಂಘದಲ್ಲಿ ಕುಳಿತವರಿಗೆ ಅದು ಎಂದೂ ತಿಳಿಯಲಿಲ್ಲ.

ಬಾವಿ ಹಳೆಯ ಕಾಲದ್ದು. ಒಳಗೋಡೆಯಿಂದ ಚಾಚಿಕೊಂಡ ಉದ್ದನೆಯ ಕಲ್ಲುಗಳೇ ಅದರ ಮೆಟ್ಟಿಲು. ಹಿಡಿದುಕೊಳ್ಳಲು ಏನೂ ಇಲ್ಲ. ನಡುವಿನ ಒಂದು ಕಲ್ಲು ನಾವು ಮನೆಗೆ ಬಂದ ಮೇಲೆ ಮುರಿದು ನೀರಿಗೆ ಬಿತ್ತು. ಅದರ ಜಾಗದಲ್ಲಿ ಗೋಡೆಯಲ್ಲಿ ಒಂದು ತೂತು ಉಳಿಯಿತು. ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಸುತ್ತಲಿನ ಗದ್ದೆಗಳ ಬಸಿನೀರು ಬಂದು ಬಾವಿ ತುಂಬುತ್ತಿತ್ತು. ಆಗ ಮೇಲಿನ ಕಲ್ಲಿನ ಮೇಲೆ ನಿಂತೇ ಕೊಡ ಅದ್ದಬಹುದು. ಮುರಿದ ಜಾಗ ನೀರಿನೊಳಗೆ ಮುಳುಗಿರುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಬೇಸಿಗೆಯಲ್ಲಿ ಕಾಲುವೆ ಬಂದಾದ ಮೇಲೆ ನೀರು ಕೆಳಗಿಳಿಯುತ್ತಿತ್ತು. ಹೆಂಗಸರು ಆ ಇಲ್ಲದ ಮೆಟ್ಟಿಲನ್ನು ದಾಟಿ ಕೆಳಗಿಳಿಯಬೇಕು.

ಅದಕ್ಕೆ ಅವರೇ ಒಂದು ದಾರಿ ಮಾಡಿಕೊಂಡಿದ್ದರು. ಇಬ್ಬಿಬ್ಬರೇ ಹೋಗುವುದು. ಒಬ್ಬಳು ಖಾಲಿ ಜಾಗದ ಮೇಲಿನ ಕಲ್ಲಿನಲ್ಲಿ, ಇನ್ನೊಬ್ಬಳು ಕೆಳಗಿನ ಕಲ್ಲಿನಲ್ಲಿ. ಕೆಳಗಿನವಳು ತುಂಬಿದ ಕೊಡ ಎತ್ತಿ ಕೊಡುವಳು, ಮೇಲಿನವಳು ಬಗ್ಗಿ ತೆಗೆದುಕೊಳ್ಳುವಳು. ಆಮೇಲೆ ಕೈ ಕೊಟ್ಟು ಅವಳನ್ನೂ ಎಳೆದುಕೊಳ್ಳುವಳು. ನನ್ನ ಹೆಂಡತಿಗೆ ಜೋಡಿ ನಮ್ಮ ಎದುರು ಮನೆಯ ಮುದುಕಿ. ನಾವು ಅಕ್ಕ ಎಂದು ಕರೆಯುತ್ತಿದ್ದೆವು. ವಯಸ್ಸಾಗಿದ್ದರೂ ಗಟ್ಟಿ ಕೈ.

ಸಂಘದ ಸಭೆ ವರ್ಷಕ್ಕೊಮ್ಮೆ, ದಸರೆಯ ಹೊತ್ತಿಗೆ. ಆಗ ಬಾವಿ ಕಂಠದವರೆಗೆ ತುಂಬಿರುತ್ತಿತ್ತು. ಸಭೆಗೆ ಬರುವವರೆಲ್ಲ ಗಂಡಸರು. ಬಾವಿಗೆ ಒಂದು ದಿನವೂ ಇಳಿಯದವರು, ತುಂಬಿದ ಬಾವಿಯನ್ನು ಮಾತ್ರ ನೋಡಿದವರು, ಬಾವಿಯ ದುಡ್ಡನ್ನು ಎಲ್ಲಿ ಹಾಕಬೇಕೆಂದು ಅಲ್ಲಿ ಕುಳಿತು ಚಹಾ ಕುಡಿಯುತ್ತ ಮಾತಾಡುತ್ತಿದ್ದರು.

ಸಂಘದ ಅಧ್ಯಕ್ಷರು ಅಡತಿ ವ್ಯಾಪಾರಿ. ಇಡಗಂಟು ಸುಮ್ಮನೆ ಕರಗಬಾರದೆಂದು ಅವರು ಒಂದು ಪದ್ಧತಿ ತಂದರು. ಯಾವ ಕೆಲಸವಾದರೂ ಅರ್ಧ ಗಂಟಿನಿಂದ, ಅರ್ಧ ದಾನಿಯಿಂದ. ದಾನಿ ಹೇಳಿದ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಆ ಕೆಲಸದ ಮೇಲೆ ಕೂಡಿಸಬೇಕು. ಕೇಳಲಿಕ್ಕೆ ಜಾಣತನದ ಮಾತೇ. ಮೊದಲ ದಾನಿ ಅವರೇ ಆದರು. ಕಾಲೋನಿಯ ಬಾಯಿಗೆ ತಮ್ಮ ತಂದೆಯ ಹೆಸರಿನಲ್ಲಿ ಕಮಾನು ಕಟ್ಟಿಸಿದರು. ಹೆಸರಿನ ಕಲ್ಲು ಲಿಂಗಸುಗೂರಿನಿಂದ ಲಾರಿಯಲ್ಲಿ ಬಂತು. ಅದನ್ನು ಇಳಿಸಿಕೊಳ್ಳಲು ತೆಂಗಿನಕಾಯಿ ಒಡೆದರು. ಕಲ್ಲಿನ ಮೇಲೆ ಹಾಕುವ ಪರದೆಯನ್ನು ಹೊಲಿದವನು ನಾನು. ಕೆಂಪು ಮಖಮಲ್ಲು, ಅಂಚಿಗೆ ಜರಿ ಪಟ್ಟಿ, ಎಳೆದರೆ ಎರಡು ಕಡೆ ಸರಿಯುವ ಹಾಗೆ ಒಳಗೊಂದು ದಾರ. ಹೊಲಿಗೆಯ ಮಟ್ಟಿಗೆ ಒಳ್ಳೆಯ ಕೆಲಸವೇ ಮಾಡಿದ್ದೆ.

ಕಮಾನಿನ ನಂತರ ಕಲ್ಲಿನ ಬೆಂಚುಗಳು ಬಂದವು. ಒಂದೊಂದರ ಬೆನ್ನಿಗೂ ಒಂದೊಂದು ಹೆಸರು. ಬೇಸಿಗೆಯಲ್ಲಿ ಕಾದು ಹಂಚಾಗುವ ಆ ಬೆಂಚುಗಳ ಮೇಲೆ ನಾಯಿಗಳೂ ಮಲಗುತ್ತಿರಲಿಲ್ಲ. ಆಮೇಲೆ ಧ್ವಜದ ಕಟ್ಟೆ. ಪ್ರತಿ ಸಲವೂ ಅದೇ ಪರದೆ, ಇಸ್ತ್ರಿ ಮಾಡಿಕೊಡು ಎಂದು ನನ್ನ ಅಂಗಡಿಗೆ ಬರುತ್ತಿತ್ತು.

ಬಾವಿಯ ಮೆಟ್ಟಿಲಿಗೆ ಮಾತ್ರ ದಾನಿ ಸಿಗಲಿಲ್ಲ. ಒಂದು ಸಭೆಯಲ್ಲಿ ನಾನು ಆ ಮಾತು ಎತ್ತಿದೆ. ಮನೆಯಲ್ಲಿ ಅವಳು ದಿನಾ ಹೇಳುತ್ತಿದ್ದಳು, ಅದಕ್ಕೇ ಎತ್ತಿದೆ.

"ಆಗ್ಲಿ ಟೇಲರ್, ಯಾರು ಕೊಡ್ತಾರ ಕೇಳು," ಅಂದರು ಅಧ್ಯಕ್ಷರು.

"ನೀರಾಗ ಮುಳುಗೋ ಕಲ್ಲಿಗೆ ಹೆಸರು ಕೆತ್ತಿಸಿದ್ರ ಮೀನು ಓದ್ಬೇಕಷ್ಟ," ಅಂದ ಒಬ್ಬ. ಎಲ್ಲರೂ ನಕ್ಕರು.

ಮಾಸ್ತರು ನಗಲಿಲ್ಲ. ಅವರ ಮಾತು ಬೇರೆ ಇತ್ತು. "ಅದಲ್ಲೋ ತಮ್ಮಾ. ಹೆಸರು ಹಾಕೋದು ಹಿರಿಯರದು. ಮೆಟ್ಟಿಲಿಗೆ ಹಾಕಿದ್ರ ಮಂದಿ ತುಳೀತಾರ. ಅಪ್ಪನ ಹೆಸರಿನ ಮ್ಯಾಲ ಕಾಲಿಡ್ರಿ ಅಂತ ಯಾವ ಮಗ ರೊಕ್ಕ ಕೊಡ್ತಾನ?"

"ಹೆಸರು ಬ್ಯಾಡ್ರಿ ಹಂಗಾರ. ಸುಮ್ನ ಒಂದು ಕಲ್ಲು ಕೂಡಸ್ರಿ."

"ಹೆಸರಿಲ್ಲಂದ್ರ ದಾನಿ ಇಲ್ಲ. ದಾನಿ ಇಲ್ಲಂದ್ರ ಗಂಟು ಬಿಚ್ಚಾಕ ಬರಂಗಿಲ್ಲ. ಪದ್ಧತಿ ಐತಲ್ಲ."

ಅಲ್ಲಿಗೆ ಆ ಮಾತು ಮುಗಿಯಿತು. ಒಂದು ಕಲ್ಲು, ಒಂದು ಬುಟ್ಟಿ ಗಚ್ಚು, ಒಬ್ಬ ಗೌಂಡಿಯ ಒಂದು ದಿನದ ಕೂಲಿ. ಅದಕ್ಕೆ ಪದ್ಧತಿ ಅಡ್ಡ ಬಂತು.

ಬೇಳೆ ಬೇಯದ ದಿನದ ಮರುದಿನ ಎದುರು ಮನೆಯ ಅಕ್ಕ ಮದುವೆಗೆಂದು ಜವಳಗೇರಾಕ್ಕೆ ಹೋಗಿದ್ದಳು. ಬೇಸಿಗೆ, ಬಾವಿಯ ನೀರು ಕೆಳಗಿಳಿದಿತ್ತು. ನನ್ನ ಹೆಂಡತಿ ಒಬ್ಬಳೇ ಬಾವಿಗೆ ಹೋದಳು. ನಾನು ಅಂಗಡಿಯಲ್ಲಿ ಯಾರದೋ ಅಂಗಿಗೆ ಕಾಲರ್ ಕೂಡಿಸುತ್ತಿದ್ದೆ. ಕಾಲೋನಿಯ ಒಬ್ಬರು ಸೈಕಲ್ ಮೇಲೆ ಬಂದು, ಇಳಿಯದೆಯೇ, "ಲಗೂನ ಬಾ" ಅಂದರು. ಹೋಗುವುದರೊಳಗೆ ಅವಳನ್ನು ಮೇಲೆ ತಂದು ಬಾವಿಯ ಕಟ್ಟೆಯ ಮೇಲೆ ಮಲಗಿಸಿದ್ದರು. ಕೆಳಗಿನ ಕಲ್ಲು ತಲೆಗೆ ಬಡಿದಿತ್ತು. ದವಾಖಾನೆಗೆ ಒಯ್ದೆವು. ಅಲ್ಲಿ ಮಾಡುವುದು ಏನೂ ಉಳಿದಿರಲಿಲ್ಲ. ಕೊಡ ಬಾವಿಯಲ್ಲಿ ತೇಲುತ್ತಿತ್ತಂತೆ. ಅದನ್ನು ಯಾರು ತೆಗೆದರು, ಎಲ್ಲಿಟ್ಟರು ಎಂಬುದು ನನಗೆ ಗೊತ್ತಿಲ್ಲ.

ಈ ಬಗ್ಗೆ ನಾನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಅವಳ ಹೆಸರಿನ ಶಿವಗಣಾರಾಧನೆ ಮುಗಿದು ನೆಂಟರು ಚದುರಿದ ಮೇಲೆ ಅಧ್ಯಕ್ಷರೂ ಮಾಸ್ತರೂ ಮನೆಗೆ ಬಂದರು. ಮಸ್ಕಿಯಿಂದ ಬಂದಿದ್ದ ಅವಳ ಅಣ್ಣ ಇನ್ನೂ ಇದ್ದ. ಅಧ್ಯಕ್ಷರು ನನ್ನ ಕೈ ಹಿಡಿದುಕೊಂಡರು.

"ತಮ್ಮಾ, ನಾವೆಲ್ಲಾ ಮಾತಾಡೀವಿ. ಆ ತಂಗಿ ಹೆಸರ್ಲೆ ಬಾವಿ ಹತ್ರ ಒಂದು ನೆರಳಿನ ಕಟ್ಟೆ ಕಟ್ಟಸೋಣು. ನೀರಿಗೆ ಬಂದ ಹೆಣ್ಮಕ್ಕಳು ಕುಂದ್ರಾಕ ಆಕೈತಿ. ಅರ್ಧ ಗಂಟಿನಾಗಿಂದು, ಅರ್ಧ ನಾ ಹಾಕ್ತೀನಿ. ನಿನಗ ಒಂದು ಪೈಸೆ ಭಾರ ಇಲ್ಲ."

"ಮೆಟ್ಟಿಲ್ರೀ?" ಅಂದೆ.

"ಅದನ್ನೂ ನೋಡೋಣಂತ. ಮೊದಲ ಇದು ಆಗ್ಲಿ. ಆಕಿ ಹೆಸರು ಉಳೀಬೇಕು ನೋಡು."

ಮಾಸ್ತರು ಮೆಲ್ಲಗೆ ಸೇರಿಸಿದರು: "ಆ ಹಳೇ ಪರದೆ ಬ್ಯಾಡ. ಬಣ್ಣ ಹೋಗೈತಿ. ಆಕಿ ಕಲ್ಲಿಗೆ ನೀನೇ ಕೈಯ್ಯಾರ ಹೊಸಾದು ಹೊಲದು ಕೊಡು. ಚಂದ ಕಾಣ್ತೈತಿ."

ನಾನು ಜಗಳಗಂಟನಲ್ಲ. ಅಂಗಡಿಯಲ್ಲಿ ಗಿರಾಕಿಗಳು ಬೈದರೂ ತಲೆ ತಗ್ಗಿಸಿ ಹೊಲಿಗೆ ಬಿಚ್ಚಿಕೊಡುವವನು. ಆ ದಿನ ಮಾತ್ರ ಅಧ್ಯಕ್ಷರ ಹಿಡಿತದಿಂದ ಕೈ ಬಿಡಿಸಿಕೊಂಡೆ. ಒಂದು ಕಲ್ಲಿಗೆ ಗಂಟು ಬಿಚ್ಚದವರು ಅವಳು ಸತ್ತ ಮೇಲೆ ಒಂದು ಮಂಟಪಕ್ಕೆ ಬಿಚ್ಚುತ್ತಾರೆ. ನೆರಳಿನಲ್ಲಿ ಕುಳಿತುಕೊಳ್ಳಲು ಯಾವ ಹೆಂಗಸು ಕೊಡ ಹಿಡಿದು ಬಾವಿಗೆ ಬರುತ್ತಾಳೆ? ಅವಳಿಗೆ ಬೇಕಾದದ್ದು ಕಾಲಿಡಲು ಒಂದು ಜಾಗ.

"ಆಕಿ ಹೆಸರು ಮೆಟ್ಟಿಲಿಗೇ ಹಾಕ್ರಿ," ಅಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸತ್ತವರ ಹೆಸರು ತುಳಿಸ್ತಾರೇನೋ ಹುಚ್ಚಾ? ಪಾಪ ಹತ್ತತೈತಿ," ಅಂದರು ಅಧ್ಯಕ್ಷರು.

ಅವರು ಹೋದ ಮೇಲೆ ಅವಳ ಅಣ್ಣ ಹೇಳಿದ: "ಇವರ ಹಂಗ ಯಾಕ ಬೇಕ ಮಾಮಾ? ಮಸ್ಕಿಯಿಂದ ಗೌಂಡಿನ ಕರ್ಕೊಂಡು ಬರ್ತೀನಿ. ಕಲ್ಲು ನಾನೇ ತರ್ತೀನಿ. ಒಂದಿನದ ಕೆಲಸ."

ಬೇಡ ಎಂದೆ. ಅವನಿಗೆ ಬೇಜಾರಾಯಿತು. ಆದರೆ ಆ ಕಲ್ಲಿನ ದುಡ್ಡನ್ನು ಅವನ ತಂಗಿ ತಿಂಗಳು ತಿಂಗಳು ತನ್ನ ಕೈಯಾರೆ ಕೊಟ್ಟಿದ್ದಳು. ಅವಳು ಒಮ್ಮೆ ಕೊಟ್ಟದ್ದನ್ನು ನಾವು ಮತ್ತೊಮ್ಮೆ ಯಾಕೆ ಕೊಡಬೇಕು? ನಾವೇ ಮಾಡಿಸಿಬಿಟ್ಟರೆ ಅವರೆಲ್ಲ, ಆಯಿತಲ್ಲ ಎಂದು ಕೈ ಒರೆಸಿಕೊಂಡು ಮುಂದಿನ ಬೆಂಚಿಗೆ ಹೋಗುತ್ತಾರೆ. ಅದು ಸಂಘವೇ ಮಾಡಬೇಕಾದ ಕೆಲಸ. ಈಗಲೂ ನನ್ನ ಮಾತು ಅದೇ.

ಕೆಲವು ತಿಂಗಳ ಮೇಲೆ ನಾನು ಮಸ್ಕಿಗೆ ಅವನ ಮನೆಗೆ ಹೋದೆ. ಅಲ್ಲಿಂದ ಹತ್ತಿರದ ಅವರ ಹಳ್ಳಿಯ ಗುಡಿಗೆ ಕರೆದುಕೊಂಡು ಹೋದ. ಸಣ್ಣ ಶಿವನ ಗುಡಿ, ಸುತ್ತಲಿನ ವ್ಯಾಪಾರಿಗಳು ದೇಣಿಗೆ ಕೊಟ್ಟು ಹೊಸದಾಗಿ ಕಟ್ಟಿಸಿದ್ದರು. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟೆ. ಕಾಲಿನ ಕೆಳಗೆ ಅಕ್ಷರಗಳಿದ್ದವು. ಪ್ರತಿ ಮೆಟ್ಟಿಲಿಗೂ ಒಂದು ಹೆಸರು. ನಾನು ಬಗ್ಗಿ ಓದುತ್ತ ಹತ್ತಿದೆ. ಬಾಗಿಲಿಗೆ ಹತ್ತಿರದ ಮೆಟ್ಟಿಲಲ್ಲಿ ಒಂದು ಹೆಸರು ನೋಡಿ ನಿಂತುಬಿಟ್ಟೆ. ಊರು ಸಿಂಧನೂರು. ನಮ್ಮ ಕಮಾನಿನ ಮೇಲಿರುವ ಅದೇ ಹೆಸರು, ಅಧ್ಯಕ್ಷರ ತಂದೆಯದು.

"ಯಾಕ್ ಮಾಮಾ, ನಿಂತಿ?" ಅಂದ ಅವಳ ಅಣ್ಣ.

"ಇಲ್ಲಿ ಹೆಸರು ಹಾಕಿದ್ರ ತುಳೀತಾರಲ್ಲ?"

"ತುಳೀಲಿ ಅಂತನ ಹಾಕಿಸೋದು. ಶರಣರ ಪಾದದ ಧೂಳಿ ಬಿದ್ರ ಪುಣ್ಯ ಅಂತ. ಈ ಬಾಗಿಲ ಹತ್ರದ ಮೆಟ್ಟಿಲಿಗೆ ಜಗಳಾಡಿ ರೊಕ್ಕ ಕೊಟ್ಟಾರ."

ದೇವರಿಗೆ ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ. ಇಳಿಯುವಾಗ ಆ ಹೆಸರಿನ ಮೇಲೆ ಎರಡೂ ಕಾಲು ಊರಿ ನಿಂತೆ.

ಆ ವರ್ಷದ ದಸರೆಯ ಸಭೆ ಬಂತು. ಬಾವಿ ಮತ್ತೆ ತುಂಬಿತ್ತು. ಅಧ್ಯಕ್ಷರು ನೆರಳಿನ ಕಟ್ಟೆಯ ಮಾತು ತೆಗೆದರು. ನಾನು ಎದ್ದು ನಿಂತೆ.

"ನಿಮ್ಮ ಅಪ್ಪಾರ ಹೆಸರಿನ ಮ್ಯಾಲ ನಾ ಕಾಲಿಟ್ಟು ಬಂದೀನ್ರಿ," ಅಂದೆ.

ನಾನು ಗುಡಿಯ ಹೆಸರು ಹೇಳಿದೆ, ಮೆಟ್ಟಿಲಿನ ಜಾಗ ಹೇಳಿದೆ.

ಅಧ್ಯಕ್ಷರ ಮುಖ ಕೆಂಪಾಯಿತು. "ಅದು ಗುಡಿ. ಅಲ್ಲಿ ಹತ್ತೋರು ಭಕ್ತರು. ಭಕ್ತರ ಪಾದ ಬ್ಯಾರೆ."

"ನೀರು ತರೋ ಹೆಣ್ಮಕ್ಕಳ ಪಾದ ಏನ್ರಿ ಹಂಗಾರ?"

ಆಗ ಬಾಗಿಲ ಕಡೆಯಿಂದ ಎದುರು ಮನೆಯ ಅಕ್ಕನ ದನಿ ಬಂತು. ಹೆಂಗಸರು ಸಭೆಗೆ ಬರುವ ರೂಢಿ ಇರಲಿಲ್ಲ. ಅವಳು ಹೊಸ್ತಿಲಿನ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದಳು.

"ಹೇಳ್ರೆಪಾ, ಯಾಕ ಸುಮ್ನಾದ್ರಿ? ದಿನಾ ನಮ್ಮ ಕಾಲು ತಂದ ನೀರಿಲೇ ಪೂಜಾ ಮಾಡ್ತೀರಿ. ಆಗ ಆ ನೀರಿಗೆ ಮೈಲಿಗಿ ಇಲ್ಲ? ಕಾಲಿಗೆ ಮಾತ್ರ ಐತಿ?"

"ಅಕ್ಕಾ, ನೀ ಮನಿಗೆ ನಡಿ. ಇದು ಸಭಾ," ಅಂದರು ಮಾಸ್ತರು.

"ಹೋಗ್ತೀನ್ರಿ ಮಾಸ್ತರ. ನಿಮ್ಮ ಮನಿಗೆ ನಾಳೆಯಿಂದ ನೀವ ನೀರು ತರ್ರಿ. ಬ್ಯಾಸಗ್ಯಾಗ ಒಂದ ಸಲ ಇಳೀರಿ. ಧೋತ್ರ ಮ್ಯಾಲ ಕಟ್ಕೋಬೇಕಾಕೈತಿ ನೋಡ್ರಿ ಮತ್ತ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಕೆಮ್ಮಿ ಮುಚ್ಚಿಕೊಂಡರು. ಅಕ್ಕ ನಗಲಿಲ್ಲ. ನನ್ನ ಹೆಂಡತಿ ಸತ್ತ ಮೇಲೆ ಅವಳು ಆ ಜವಳಗೇರಾದ ಮದುವೆಯ ಮಾತನ್ನು ಯಾರ ಮುಂದೆಯೂ ಎತ್ತಿರಲಿಲ್ಲ. ಆ ದಿನ ಹೊಸ್ತಿಲು ದಾಟಿ ಹೋಗುವಾಗ ಮಾತ್ರ ತನ್ನಷ್ಟಕ್ಕೇ ಅಂದಳು: "ಎರಡು ಕೈ ಬೇಕಾಗೋ ಬಾವಿ ಮಾಡಿಟ್ಟೀರಿ. ಒಂದು ಕೈ ಊರಿಗೆ ಹೋದ್ರ ಇನ್ನೊಂದು ಸಾಯಬೇಕು."

ಸಭೆ ಏನು ತೀರ್ಮಾನ ಮಾಡಿತು? ವಿಚಾರ ಮಾಡೋಣ ಎಂದಿತು. ನೆರಳಿನ ಕಟ್ಟೆಗೆ ನಾನು ಒಪ್ಪಲಿಲ್ಲವಾದ್ದರಿಂದ ಅದನ್ನು ಕೈಬಿಟ್ಟರು. ಆ ವರ್ಷದ ಗಂಟಿನಲ್ಲಿ ಕಮಾನಿಗೆ ಹೊಸ ಬಣ್ಣ ಹೊಡೆಸಿದರು. ಮುಂದಿನ ಬೇಸಿಗೆಯಲ್ಲಿ ಬಾವಿಯ ನೀರು ಇಳಿದು ಆ ಖಾಲಿ ಜಾಗ ಮತ್ತೆ ಕಂಡಾಗ, ಮೆಟ್ಟಿಲಿನ ಬಾಯಿಗೆ ಜಾಲಿಮುಳ್ಳು ಕಡಿದು ತಂದು ಒಟ್ಟಿಸಿದರು. ಅದಕ್ಕೆ ದಾನಿ ಬೇಕಾಗಲಿಲ್ಲ. ಹೆಸರಿನ ಕಲ್ಲೂ ಬೇಕಾಗಲಿಲ್ಲ. ಪದ್ಧತಿಯೂ ಅಡ್ಡ ಬರಲಿಲ್ಲ. ಹೆಂಗಸರು ಬಂಡಿಯವನಿಂದ ಪೀಪಾಯಿ ಸಿಹಿನೀರು ಕೊಂಡರು. ಸಂಘಕ್ಕೂ ಚಂದಾ, ಬಂಡಿಗೂ ದುಡ್ಡು.

ಪರದೆಯನ್ನು ನಾನು ಮತ್ತೆ ಇಸ್ತ್ರಿ ಮಾಡಿಕೊಡಲಿಲ್ಲ. ತಂದವರಿಗೆ ಹಾಗೇ ವಾಪಸು ಕೊಟ್ಟೆ. ಬೇರೆ ಟೇಲರನ ಹತ್ತಿರ ಒಯ್ದರು.

ಸಿಟ್ಟು ಇಳಿಯುತ್ತದೆ ಎಂದು ಎಲ್ಲರೂ ಹೇಳಿದರು. ಇಳಿಯಲಿಲ್ಲ. ನನ್ನ ಓದು ಹತ್ತನೆಯ ಇಯತ್ತೆಗೆ ನಿಂತಿತು, ಕಾಯಿದೆ ನನಗೆ ಗೊತ್ತಿಲ್ಲ. ಆದರೆ ಎಲ್ಲರೂ ಕೂಡಿಟ್ಟ ದುಡ್ಡು ಮೊದಲು ಹೋಗಬೇಕಾದದ್ದು ಎಲ್ಲಿಗೆ ಎಂದು ತಿಳಿಯಲು ಕಾಯಿದೆ ಬೇಕಿಲ್ಲ. ಯಾವುದು ಮುರಿದರೆ ಒಬ್ಬರು ಬೀಳುತ್ತಾರೋ ಅಲ್ಲಿಗೆ. ಬಂದವರ ಕಣ್ಣಿಗೆ ಕಾಣುವುದು ಆಮೇಲೆ. ಯಾರು ದಿನಾ ಅದರ ಮೇಲೆ ಕಾಲಿಡುತ್ತಾರೋ ಅವರನ್ನು ಕರೆದು ಕೇಳಬೇಕು. ನೀರು ಇಳಿದ ಕಾಲದಲ್ಲಿ ಸಭೆ ಕೂಡಿಸಬೇಕು, ತುಂಬಿದ ಕಾಲದಲ್ಲಲ್ಲ. ದಾನಿಯ ಹೆಸರಿಗೆ ಕಾಯುತ್ತ ಕೂಡುವ ಗಂಟು ಆಪತ್ತಿಗೆ ಆಗುವುದಿಲ್ಲ. ಅಂಗಿಯ ತೋಳು ಹರಿದಿದ್ದರೆ ನಾನು ಮೊದಲು ತೋಳು ಹೊಲಿಯುತ್ತೇನೆ. ಜೇಬಿನ ಮೇಲೆ ಹೂವು ಹಾಕುತ್ತ ಕೂರುವುದಿಲ್ಲ. ಇಷ್ಟನ್ನು ಹೇಳಲು ಹೋದರೆ ಹೆಂಡತಿ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಅನ್ನುತ್ತಿದ್ದರು. ದುಃಖ ಇತ್ತು, ನಿಜ. ತಲೆ ಕೆಟ್ಟಿರಲಿಲ್ಲ.

ತೊಂಬತ್ತರ ದಶಕದ ನಡುವೆ ಕಾಲೋನಿಗೆ ನಳ ಬಂತು. ಮನೆ ಮನೆಗೆ ಸಿಹಿನೀರು. ಬೇಳೆ ಬೇಯುತ್ತದೆ. ಬಾವಿಗೆ ಯಾರೂ ಹೋಗುವುದಿಲ್ಲ. ಮುಳ್ಳು ಕೊಳೆತು ಹೋಯಿತು, ಅದರ ಜಾಗದಲ್ಲಿ ಜಾಲಿ ಗಿಡವೇ ಬೆಳೆಯಿತು. ಅಧ್ಯಕ್ಷರು ಒಂದು ದಿನ ದಾರಿಯಲ್ಲಿ ಸಿಕ್ಕು, "ನೋಡು ತಮ್ಮಾ, ಈಗ ಆ ಮೆಟ್ಟಿಲ ಬೇಕಾಗಿಲ್ಲ ನೋಡು," ಅಂದರು. ಸಮಾಧಾನಕ್ಕೆಂದೇ ಹೇಳಿದ್ದು. ನಾನು ಮುಂದೆ ಹೋದೆ.

ಎದುರು ಮನೆಯ ಅಕ್ಕನೂ ಹೋದಳು, ವಯಸ್ಸಾಗಿ, ತನ್ನ ಹಾಸಿಗೆಯಲ್ಲೇ. ಚಂದಾ ಈಗಲೂ ಇದೆ. ಬಾಗಿಲಿಗೆ ಬಂದವರಿಗೆ ನಾನೇ ಕೊಡುತ್ತೇನೆ. ಕೊಡುವಾಗ ಮೆಟ್ಟಿಲು ಯಾವಾಗ ಎಂದು ಕೇಳುತ್ತೇನೆ. ಹೊಸ ಖಜಾಂಚಿಗೆ ಯಾವ ಮೆಟ್ಟಿಲು ಎಂಬುದೇ ಗೊತ್ತಿಲ್ಲ.

ಬೇಸಿಗೆಯಲ್ಲಿ ಕಾಲುವೆ ಬಂದಾದ ಮೇಲೆ ಒಂದು ಸಲ ಬಾವಿಯ ಕಟ್ಟೆಗೆ ಹೋಗಿ ಜಾಲಿಯ ಟೊಂಗೆ ಸರಿಸಿ ಬಗ್ಗಿ ನೋಡುತ್ತೇನೆ. ಮೇಲಿನ ಕಲ್ಲು ಇದೆ. ಕೆಳಗಿನ ಕಲ್ಲು ಇದೆ. ನಡುವಿನದು ಇನ್ನೂ ಇಲ್ಲ.